ಸಾವಿರ ಕಿಲೋಮೀಟರ್ ಆದಮೇಲೆ ಬರುವ ಬೇಸ್

ಕಾರಿಗೆ ಹೊಸ ಸೈಲೆನ್ಸರ್ ಹಾಕಿಸಿದ ದಿನ ಅಂಗಡಿಯವರು ತಪ್ಪದೆ ಹೇಳುವ ಮಾತೊಂದಿದೆ. "ಈಗ ಹಿಂಗೇ ಇರತ್ತೆ ಸರ್. ಸಾವಿರ ಕಿಲೋಮೀಟರ್ ಓಡ್ಲಿ, ಸೆಟ್ ಆಗತ್ತೆ. ಆಮೇಲೆ ನೋಡಿ ಬೇಸ್." ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೂ ಇದೇ, ಬೇರೆ ಊರಿನಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ. ವರ್ಷ, ಎರಡು ವರ್ಷ ಕಳೆದ ಮೇಲೆ ಅದೇ ಕಾರಿನ ಮಾಲೀಕರು ಬೇರೆ ರಾಗ ತೆಗೆಯುತ್ತಾರೆ: ಮೊದಮೊದಲು ಗಂಭೀರವಾಗಿತ್ತು, ಈಗ ಯಾಕೋ ತಗಡಿನ ಸದ್ದು ಬರ್ತಿದೆ, ಹೈವೇಲಿ ಕೂತ್ಕೊಳ್ಳೋಕಾಗಲ್ಲ. ಸದ್ದು ಬದಲಾಗುತ್ತದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಬದಲಾಗುವುದು ಯಾವುದು, ಎಷ್ಟು, ಯಾವ ದಿಕ್ಕಿಗೆ ಎಂದು ಕೇಳಿದರೆ ಮಾತ್ರ ಅಂಗಡಿಯಲ್ಲೂ ಉತ್ತರ ಸಿಗುವುದು ಕಷ್ಟ.

ಮೊದಲು ಸದ್ದಿನ ಮೂಲಕ್ಕೆ ಹೋಗೋಣ. ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಬಿಸಿ ಅನಿಲದ ಒಂದು ಗುದ್ದು ಪೈಪಿಗೆ ಬೀಳುತ್ತದೆ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಇಂಥ 100 ಗುದ್ದುಗಳು, ಮೂರು ಸಿಲಿಂಡರಿನದಾದರೆ 75. ನಾವು ಬೇಸ್ ಎನ್ನುವುದು ಈ 75, 100 ಹರ್ಟ್ಜ್‌ನ ಆಸುಪಾಸಿನ ಸದ್ದನ್ನು. ಅದರ ಮೇಲೆ ಪದರಪದರವಾಗಿ ಅದರ ದುಪ್ಪಟ್ಟು, ನಾಲ್ಕುಪಟ್ಟು, ಎಂಟುಪಟ್ಟಿನ ಸ್ವರಗಳು, ಅನಿಲ ನುಗ್ಗುವ ಸುಯ್ಲು, ತೆಳು ಲೋಹದ ಕಂಪನ ಎಲ್ಲ ಕೂಡಿಕೊಳ್ಳುತ್ತವೆ. ಕಿವಿಗೆ ಚುಚ್ಚುವುದು ಈ ಮೇಲಿನ ಪದರ, ಸಾವಿರ ಹರ್ಟ್ಜ್‌ನಿಂದಾಚೆಗಿನದು.

ಇದನ್ನು ಅಡಗಿಸಲು ಎರಡು ದಾರಿಗಳಿವೆ. ಒಂದು, ಪೆಟ್ಟಿಗೆಯೊಳಗೆ ಅಡ್ಡಗೋಡೆ ಹಾಕಿ ಕೋಣೆಗಳನ್ನು ಮಾಡಿ, ಸದ್ದಿನ ಅಲೆ ಗೋಡೆಗೆ ಬಡಿದು ಹಿಂದಿರುಗಿ ಎದುರು ಬರುವ ಅಲೆಯನ್ನೇ ಕಡಿಯುವಂತೆ ಮಾಡುವುದು. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ಮತ್ತು ಮಾರ್ಷಲ್ ರೀವ್ಸ್ 1897ರಷ್ಟು ಹಿಂದೆಯೇ ಎಕ್ಸಾಸ್ಟ್ ಮಫ್ಲರ್ (ನಾವು ಸೈಲೆನ್ಸರ್ ಎನ್ನುವುದು) ಒಂದಕ್ಕೆ ಪೇಟೆಂಟ್ ಪಡೆದಿದ್ದರು. ಇನ್ನೊಂದು ದಾರಿಯಲ್ಲಿ, ತೂತು ಕೊರೆದ ನೇರ ಪೈಪಿನ ಸುತ್ತ ಗ್ಲಾಸ್ ವೂಲ್ ತುಂಬಿ, ಮೇಲೊಂದು ಕವಚ ಹಾಕುತ್ತಾರೆ. ಅನಿಲ ನೇರವಾಗಿ ಹೋಗುತ್ತದೆ, ಸದ್ದು ತೂತುಗಳಿಂದ ಪಕ್ಕಕ್ಕೆ ಸರಿದು ನೂಲಿನ ನಡುವೆ ತಿಕ್ಕಾಡಿ ಬಿಸಿಯಾಗಿ ಕರಗುತ್ತದೆ. ಅಮೆರಿಕದಲ್ಲಿ 1968ರಿಂದ ಮಾರಾಟವಾಗುತ್ತಿರುವ, ಕೆಂಪು ಬಣ್ಣದ ಚೆರ್ರಿ ಬಾಂಬ್ ಈ ಬಗೆಯದು. ನಮ್ಮಲ್ಲಿ ಫ್ರೀ ಫ್ಲೋ ಎಂದು ಮಾರುವುದರಲ್ಲಿ ಬಹುಪಾಲೂ ಇದೇ. ಕಂಪನಿಯಿಂದಲೇ ಬರುವ ಸೈಲೆನ್ಸರುಗಳಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ.

ಬಳಸಿದಂತೆ ಸದ್ದು ಬದಲಾಗುವ ಕಥೆಯಲ್ಲಿ ಮುಕ್ಕಾಲು ಪಾಲು ಈ ಗ್ಲಾಸ್ ವೂಲಿನದು. ಅಡ್ಡಗೋಡೆಯ ಪೆಟ್ಟಿಗೆಗಳು ತುಕ್ಕು ಹಿಡಿದು ತೂತಾಗುವವರೆಗೆ, ಅಥವಾ ಒಳಗಿನ ಬೆಸುಗೆ ಬಿಟ್ಟು ತಗಡು ಗಡಗಡ ಎನ್ನುವವರೆಗೆ, ಮೊದಲ ದಿನದಂತೆಯೇ ಕೂಗುತ್ತಿರುತ್ತವೆ. 1983ರಲ್ಲಿ ಶುರುವಾದ ಫ್ಲೋಮಾಸ್ಟರ್ ಕಂಪನಿ ಹೆಸರು ಮಾಡಿದ್ದೇ ಈ ಕೋಣೆಗಳಿಂದ. ಸುಟ್ಟುಹೋಗಲು ಒಳಗೆ ನೂಲೇ ಇಲ್ಲ ಎಂಬುದು ಅಂಥ ಮಫ್ಲರುಗಳನ್ನು ಮಾರುವವರ ದೊಡ್ಡ ಹೆಗ್ಗಳಿಕೆ.

ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಎಂಡ್ ಕ್ಯಾನ್ (ಹಿಂಬದಿಯ ಸೈಲೆನ್ಸರ್) ಒಂದನ್ನು ಗ್ರೈಂಡರಿನಿಂದ ಉದ್ದಕ್ಕೆ ಸೀಳಿಸಿ ನೋಡಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಕವಚಕ್ಕೆ ಒತ್ತಿಕೊಂಡ ನೂಲು ಇನ್ನೂ ಬೆಳ್ಳಗೋ ತಿಳಿಹಳದಿಯೋ ಇರುತ್ತದೆ. ಒಳಗೆ ಬಂದಂತೆ ಕಂದು, ತೂತು ಪೈಪಿಗೆ ತಾಗಿದ ಕಡೆ ಕಪ್ಪು. ಅನಿಲ ಒಳಬರುವ ಬಾಯಿಯ ಕಡೆ ಅಂಗೈ ಅಗಲದಷ್ಟು ಜಾಗದಲ್ಲಿ ನೂಲೇ ಇರುವುದಿಲ್ಲ, ತೂತುಗಳು ಖಾಲಿ ಜಾಗಕ್ಕೆ ಕಣ್ಣು ಬಿಟ್ಟುಕೊಂಡಿರುತ್ತವೆ. ಉಳಿದದ್ದು ಹಳೆಯ ಹತ್ತಿ ಹಾಸಿಗೆಯಂತೆ ಗಂಟುಗಂಟಾಗಿ ಕೆಳಭಾಗಕ್ಕೆ ಜಾರಿ ಕೂತಿರುತ್ತದೆ. ಬೆರಳಲ್ಲಿ ಹಿಸುಕಿದರೆ ಎಳೆಗಳು ಪುಡಿಯಾಗುತ್ತವೆ. (ಬರಿಗೈಲಿ ಹಿಸುಕಬಾರದು. ಆ ಚೂರುಗಳು ಚರ್ಮದೊಳಗೆ ಹೊಕ್ಕು ಎರಡು ದಿನ ತುರಿಸುತ್ತವೆ, ಮೂಗಿಗೆ ಹೋದರೆ ಇನ್ನೂ ಕೆಟ್ಟದ್ದು.)

ಈ ಗತಿಗೆ ಕಾರಣ ಬರಿಯ ಬಿಸಿಯಲ್ಲ. ಗಾಜಿನ ಎಳೆ ಮೆತ್ತಗಾಗುವುದು 800 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಹಿಂಬದಿಯ ಸೈಲೆನ್ಸರಿಗೆ ಬರುವ ಹೊತ್ತಿಗೆ ಅನಿಲ ಅಷ್ಟು ಬಿಸಿಯಾಗಿರುವುದಿಲ್ಲ. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಎಳೆ ಬಲ ಕಳೆದುಕೊಳ್ಳುತ್ತದೆ, ಪೆಡಸಾಗುತ್ತದೆ. ಹಾಗೆ ಪೆಡಸಾದ ಎಳೆಯನ್ನು ಸೆಕೆಂಡಿಗೆ ನೂರು ಸಲ ಬರುವ ಗುದ್ದು ಅಲ್ಲಾಡಿಸುತ್ತದೆ. ಮುರಿದ ಚೂರು ತೂತಿನಿಂದ ಹೊರಬಿದ್ದು ಅನಿಲದ ಜೊತೆ ಊರು ಬಿಡುತ್ತದೆ. ಹಾಗಾಗಿ ಒಳ್ಳೆಯ ತಯಾರಕರು ಪೈಪಿಗೆ ಮೊದಲು ಸ್ಟೀಲ್ ವೂಲ್ ಸುತ್ತಿ, ಅದರ ಮೇಲೆ ಉದ್ದ ಎಳೆಯ ಗಾಜಿನ ನೂಲನ್ನೋ ಬಸಾಲ್ಟ್ ಕಲ್ಲಿನ ನೂಲನ್ನೋ ತುಂಬುತ್ತಾರೆ. ಅಗ್ಗದ್ದರಲ್ಲಿ ತುಂಡು ನೂಲನ್ನು ಹಾಗೇ ತುರುಕಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತವೆ, ಅದೇ ತೊಂದರೆ.

ಇತ್ತೀಚೆಗೆ ಈ ನೂಲಿಗೆ ಇನ್ನೊಂದು ಶತ್ರು ಸೇರಿಕೊಂಡಿದೆ. ಕಾಲು ತೆಗೆದಾಗ ಪಟಪಟ ಸಿಡಿಯಬೇಕೆಂದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ರೀಮ್ಯಾಪ್ ಮಾಡಿಸುತ್ತಾರಲ್ಲ, ಆ ಸಿಡಿತ ಎಂದರೆ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಪೆಟ್ರೋಲು ಪೈಪಿನೊಳಗೆ ಹತ್ತಿಕೊಳ್ಳುವುದು. ಕ್ಯಾಟಲಿಟಿಕ್ ಕನ್ವರ್ಟರಿನ ಜೇನುಗೂಡಿಗೂ ಗ್ಲಾಸ್ ವೂಲಿಗೂ ಇದರಷ್ಟು ಹಾನಿಕರ ಮತ್ತೊಂದಿಲ್ಲ. ಹತ್ತು ವರ್ಷ ಬಾಳಬೇಕಾದ ಪೆಟ್ಟಿಗೆಯನ್ನು ಒಂದೆರಡು ಮಳೆಗಾಲದಲ್ಲಿ ಮುಗಿಸುವ ಹುಮ್ಮಸ್ಸು ಇದ್ದರೆ ಮಾಡಿಸಿಕೊಳ್ಳಬಹುದು.

ಇನ್ನು ಆ ಬೇಸಿನ ಮಾತು. ಸೆಟ್ ಆಗುವುದು ಎಂದು ಅಂಗಡಿಯವರು ಹೇಳುವುದರಲ್ಲಿ ಹುರುಳಿದೆಯೇ? ಸ್ವಲ್ಪ ಇದೆ. ಆದರೆ ಅವರು ಹೇಳುವ ಕಾರಣಕ್ಕಲ್ಲ.

ಮೊದಲ ಅರ್ಧ ಗಂಟೆಯ ಓಟದಲ್ಲಿ ಹೊಸ ಸೈಲೆನ್ಸರ್ ಹೊಗೆಯಾಡುತ್ತದೆ, ಸುಟ್ಟ ವಾಸನೆ ಬರುತ್ತದೆ. ನೂಲಿಗೆ ಹಚ್ಚಿದ ಅಂಟು, ಪೈಪು ಬಗ್ಗಿಸುವಾಗ ಬಳಿದ ಎಣ್ಣೆ ಉರಿದು ಹೋಗುವುದು ಅದು. ಅಂಟು ಹೋದ ಮೇಲೆ ನೂಲು ಸ್ವಲ್ಪ ಸಡಿಲಾಗಿ, ಕೆಲವು ಕಡೆ ಇಳಿದು, ಒಂದು ನೆಲೆಗೆ ಬರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸದ್ದು ತುಸು ಏರಿದಂತೆ ಅನಿಸಿದರೆ ಅದು ಭ್ರಮೆಯಲ್ಲ.

ಅಂಗಡಿಯವರು ಹೇಳುವ ಕಾರಣ ಕಾರ್ಬನ್ ಕೂರುತ್ತದೆ ಎಂಬುದು. ಮಸಿ ಕೂರುವುದು ನಿಜ. ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಇನ್ನೂ ಹೆಚ್ಚು, ಪೈಪಿನ ತುದಿಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಆದರೆ ಎರಡೂವರೆ ಇಂಚಿನ ಪೈಪಿನ ಗೋಡೆಗೆ ಕಾಗದದಷ್ಟೂ ದಪ್ಪವಿಲ್ಲದ ಮಸಿ ಬಳಿದುಕೊಂಡರೆ ಸ್ವರ ಗಂಭೀರವಾಗುತ್ತದೆ ಎಂಬುದನ್ನು ನಾನಂತೂ ಒಪ್ಪಲಾರೆ. ನೂಲಿನೊಳಗೆ ಹೊಕ್ಕ ಮಸಿಯ ವಿಷಯ ಬೇರೆ. ಅದು ಎಳೆಗಳ ನಡುವಿನ ಸಂದುಗಳನ್ನು ಮುಚ್ಚುತ್ತ ಬರುತ್ತದೆ, ಸಂದು ಮುಚ್ಚಿದಷ್ಟೂ ನೂಲು ಸದ್ದು ಕುಡಿಯುವುದನ್ನು ಬಿಡುತ್ತದೆ. ಅಲ್ಲಿಗೂ ಫಲಿತಾಂಶ ಜೋರು ಸದ್ದೇ ಹೊರತು ಇಂಪಲ್ಲ.

ಇಲ್ಲಿ ಒಂದು ಲೆಕ್ಕ ನೋಡಬೇಕು. 400 ಡಿಗ್ರಿ ಬಿಸಿ ಅನಿಲದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 520 ಮೀಟರ್. ಹಾಗಾದರೆ 100 ಹರ್ಟ್ಜ್ ಅಲೆಯ ಉದ್ದ 5 ಮೀಟರಿಗೂ ಹೆಚ್ಚು, 2000 ಹರ್ಟ್ಜ್ ಅಲೆಯದು ಕಾಲು ಮೀಟರ್. ಎರಡು ಮೂರು ಸೆಂಟಿಮೀಟರ್ ದಪ್ಪದ ನೂಲಿನ ಪದರ ಎರಡನೆಯದನ್ನು ಚೆನ್ನಾಗಿ ಹಿಡಿಯುತ್ತದೆ, ಮೊದಲನೆಯದು ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಎಂದರೆ ನೂಲು ಹೊಸದಿರಲಿ ಹಳೆಯದಿರಲಿ, ಬೇಸ್ ಹೆಚ್ಚುಕಡಿಮೆ ಅಷ್ಟೇ ಹೊರಬರುತ್ತಿರುತ್ತದೆ. ನೂಲು ಸವೆದಂತೆ ಹೆಚ್ಚುವುದು ಮೇಲಿನ ಚರಚರ. ಸಾವಿರ ಕಿಲೋಮೀಟರ್ ಆದಮೇಲೆ ಬೇಸ್ ಬರುತ್ತದೆ ಎಂಬ ಭರವಸೆ ಭೌತಶಾಸ್ತ್ರದ ಪ್ರಕಾರ ತಲೆಕೆಳಗು.

ಅಂಗಡಿಯವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಸದ್ದು ಒಟ್ಟಾರೆ ಜೋರಾದಂತೆ ನಮ್ಮ ಕಿವಿ ಕೆಳಸ್ವರಗಳನ್ನು ಹೆಚ್ಚು ಹೆಚ್ಚು ಗುರುತಿಸುತ್ತದೆ. ಮೆಲ್ಲಗೆ ಹಾಕಿದ ಹಾಡಿನಲ್ಲಿ ಕೇಳಿಸದ ತಬಲಾದ ಡಗ್ಗ ವಾಲ್ಯೂಮ್ ಏರಿಸಿದಾಗ ಎದ್ದು ಬರುವುದು ಇದಕ್ಕೇ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ರೇಖೆ ಎಳೆದು ತೋರಿಸಿದ್ದರು. ಹಾಗಾಗಿ ನೂಲು ಸಡಿಲಾಗಿ ಸದ್ದು ಎರಡು ಮೂರು ಡೆಸಿಬೆಲ್ ಏರಿದ ಕಾರಿನಲ್ಲಿ ಕೂತವನಿಗೆ ಬೇಸ್ ಬಂತು ಎನಿಸಿದರೆ ಅವನು ಸುಳ್ಳು ಹೇಳುತ್ತಿಲ್ಲ. ಆ ಸುಖದ ದಿನಗಳು ನೂಲು ಇನ್ನೂ ಸವೆಯುವವರೆಗೆ ಮಾತ್ರ.

ಒಂದೇ ಕಾರು ಒಂದೇ ದಿನದಲ್ಲಿ ಹೇಗೆಲ್ಲ ಬದಲಾಗುತ್ತದೆ ಎಂಬುದನ್ನು ಬಿಟ್ಟು ತಿಂಗಳುಗಳ ಬದಲಾವಣೆಯನ್ನು ಮಾತಾಡುವವರೇ ಹೆಚ್ಚು. 20 ಡಿಗ್ರಿಯ ಗಾಳಿಯಲ್ಲಿ ಸದ್ದಿನ ವೇಗ 343 ಮೀಟರ್, ಬಿಸಿಯಾದಾಗ 520. ತಣ್ಣಗಿನ ಪೈಪು 100 ಹರ್ಟ್ಜ್‌ಗೆ ಅನುರಣಿಸುತ್ತಿದ್ದರೆ ಕಾದ ಮೇಲೆ ಅದೇ ಪೈಪಿನ ಸ್ವರ 150ರ ಹತ್ತಿರ. ಇದರ ಜೊತೆಗೆ, ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಈಗಿನ ಎಂಜಿನ್ನುಗಳು ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಕಾಯಿಸಲಿಕ್ಕೆಂದು ಐಡ್ಲಿಂಗ್ ಏರಿಸಿ, ಕಿಡಿಯನ್ನು ತಡವಾಗಿ ಹೊತ್ತಿಸುತ್ತವೆ. ಇನ್ನೂ ಉರಿಯುತ್ತಿರುವ ಅನಿಲವೇ ಹೊರಬೀಳುವುದರಿಂದ ಆ ಒಂದೆರಡು ನಿಮಿಷ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುವಷ್ಟು ಅಬ್ಬರ. ಸೈಲೆನ್ಸರಿನ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಹೋದ ವರ್ಷದ ವಿಡಿಯೊ ಸಂಜೆಯದು, ಈ ವರ್ಷದ್ದು ಮುಂಜಾನೆಯದು ಎಂದಿದ್ದರೆ ಅವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ವ್ಯರ್ಥ.

ನೀರಿನ ಮಾತು ಬರಲೇಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರದ ಓಟದಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಮೆಟ್ರೊ ಸ್ಟೇಷನ್ನಿಗೆ, ಅಲ್ಲಿಂದ ಮನೆಗೆ ಎಂದು ಓಡಾಡುವ ಕಾರಿನ ಹಿಂಬದಿ ಪೆಟ್ಟಿಗೆ ಕಾಯುವುದೇ ಇಲ್ಲ. ನೀರು ಅಲ್ಲೇ ನಿಂತು, ಅನಿಲದ ಆಮ್ಲ ಸೇರಿ, ನೂಲನ್ನು ನೆನೆಸಿ ಒಳಗಿನಿಂದ ಲೋಹವನ್ನು ತಿನ್ನುತ್ತದೆ. ನೆನೆದು ಮುದ್ದೆಯಾದ ನೂಲು ಮತ್ತೆ ಒಣಗಿದರೂ ಮೊದಲಿನ ಹಾಗೆ ಉಬ್ಬಿ ನಿಲ್ಲುವುದಿಲ್ಲ. ಮಂಗಳೂರು, ಕಾರವಾರದ ಕಡೆ ಹೊರಗಿನಿಂದಲೂ ಉಪ್ಪುಗಾಳಿ ಕೈಜೋಡಿಸುತ್ತದೆ. ಸ್ಟೇನ್‌ಲೆಸ್ ಎಂದು ಹೇಳಿ ಕೊಟ್ಟದ್ದು 409 ದರ್ಜೆಯದಾದರೆ, ಅದರಲ್ಲಿ ಕ್ರೋಮಿಯಂ ಇರುವುದು ಶೇ 11ರ ಆಸುಪಾಸು, ಮೇಲ್ಮೈ ಕಂದು ಹಿಡಿದೇ ಹಿಡಿಯುತ್ತದೆ. 304 ದರ್ಜೆಯದರಲ್ಲಿ ಕ್ರೋಮಿಯಂ ಶೇ 18ರಷ್ಟು, ನಿಕಲ್ ಶೇ 8ರಷ್ಟು. ಬೆಲೆಯೂ ಹಾಗೇ.

304ಕ್ಕೆ ಒಂದು ಚಾಳಿಯಿದೆ, ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. ಎರಡು ಮೀಟರ್ ಪೈಪು 300 ಡಿಗ್ರಿ ಏರಿದರೆ ಒಂದು ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ. ದಿನಾ ಹೀಗೆ ಹಿಗ್ಗಿ ಕುಗ್ಗಿದರೆ ಫ್ಲೇಂಜಿನ ಬೋಲ್ಟು ಸಡಿಲಾಗುತ್ತದೆ, ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸೋರುತ್ತದೆ. ತಣ್ಣಗಿದ್ದಾಗ ಚಟಚಟ ಎಂದು, ಕಾದು ಹಿಗ್ಗಿದ ಮೇಲೆ ತಾನಾಗಿ ನಿಲ್ಲುವ ಸದ್ದು ಬಂದರೆ ಹುಡುಕಬೇಕಾದದ್ದು ಇದನ್ನು. ಸೈಲೆನ್ಸರ್ ಹಳೆಯದಾಯಿತು ಎಂದು ಬದಲಾಯಿಸಲು ಬಂದ ಎಷ್ಟೋ ಕಾರುಗಳಿಗೆ ಬೇಕಿದ್ದದ್ದು ಒಂದು ಗ್ಯಾಸ್ಕೆಟ್ಟು, ನಾಲ್ಕು ತಿರುಗು ಸ್ಪ್ಯಾನರ್. ಹಾಕಿಸಿ ಕೆಲವು ದಿನಗಳಾದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ ಎಂದು ಹೇಳಿ ಕಳಿಸುವ ಮೆಕ್ಯಾನಿಕ್ ಸಿಕ್ಕರೆ ಅವನನ್ನು ಬಿಡಬೇಡಿ.

ಡ್ರೋನ್ ಎಂದು ಕರೆಯುವ, 2000ದಿಂದ 2800 ಆರ್‌ಪಿಎಂ ನಡುವೆ ತಲೆಯೊಳಗೆ ಗುಂಯ್ಗುಡುವ ಸದ್ದಿನ ಬಗ್ಗೆಯೂ ಇದೇ ಸಮಾಧಾನ ಹೇಳಿ ಕಳಿಸುತ್ತಾರೆ: ಓಡಿದಂತೆ ಹೋಗತ್ತೆ. ಹೋಗುವುದಿಲ್ಲ. ಅದು ಸುಮಾರು 67ರಿಂದ 93 ಹರ್ಟ್ಜ್‌ನ ಗುದ್ದಿಗೂ ಪೈಪಿನ ಉದ್ದಕ್ಕೂ ಕ್ಯಾಬಿನ್ನಿನ ಪೊಳ್ಳಿಗೂ ತಾಳ ಕೂಡಿದ್ದರಿಂದ ಹುಟ್ಟಿದ್ದು, ನೂಲಿನಿಂದಲ್ಲ. ಅದಕ್ಕಿರುವ ಮದ್ದು, ಒಂದು ತುದಿ ಮುಚ್ಚಿದ ಪೈಪನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ ಪಕ್ಕಕ್ಕೆ ಬೆಸೆಯುವುದು. ಅಲೆಯ ಕಾಲು ಭಾಗದ ಉದ್ದ ಬೇಕಾದ್ದರಿಂದ ಅದು ಒಂದು ಮೀಟರಿಗೂ ಮೇಲೆ ಹೋಗುತ್ತದೆ. ಚಿಕ್ಕ ಕಾರಿನ ಅಡಿಯಲ್ಲಿ ಅಷ್ಟು ಜಾಗ ಹುಡುಕುವುದೇ ಒಂದು ಸಾಹಸ.

ಇಷ್ಟೆಲ್ಲ ಪೈಪಿನ ಕಡೆಯದು. ಕಿವಿಯ ಕಡೆಯ ಬದಲಾವಣೆ ಇದಕ್ಕೆ ಎದುರು ದಿಕ್ಕಿಗೆ ಸಾಗುತ್ತದೆ. ಮೊದಲ ವಾರ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಕಿವಿ ಹಿಂದಕ್ಕೇ ಇರುತ್ತದೆ. ಮೂರನೆಯ ವಾರ ಎಫ್‌ಎಂ ಕೇಳುತ್ತಿರುತ್ತೀರಿ. ಪೈಪಿನಲ್ಲಿ ಏನೂ ಆಗಿಲ್ಲದಿದ್ದರೂ ಸದ್ದು ತಗ್ಗಿತು, ಮೆದುವಾಯಿತು ಎನಿಸುತ್ತದೆ. ಸೆಟ್ ಆಯಿತು ಎಂಬ ಸಾಕ್ಷ್ಯಗಳಲ್ಲಿ ದೊಡ್ಡ ಪಾಲು ಹೀಗೆ ಹುಟ್ಟಿದ್ದು ಎಂದೇ ನನ್ನ ಅನಿಸಿಕೆ. ಎರಡು ವಾರದಲ್ಲಿ ಬದಲಾಗುವುದು ಬಹುಮಟ್ಟಿಗೆ ಕಿವಿ, ಎರಡು ವರ್ಷದಲ್ಲಿ ಬದಲಾಗುವುದು ಪೆಟ್ಟಿಗೆ. ಒಂದು ಡೆಸಿಬೆಲ್ ವ್ಯತ್ಯಾಸ ಕಿವಿಗೆ ಕಷ್ಟಪಟ್ಟು ತಿಳಿಯುತ್ತದೆ. 10 ಡೆಸಿಬೆಲ್ ಏರಿದರೆ ದುಪ್ಪಟ್ಟು ಜೋರಾದಂತೆ ಕೇಳಿಸುತ್ತದೆ. ಮೊಬೈಲಿನ ಆ್ಯಪ್‌ನಲ್ಲಿ ಅಳೆಯುವುದಾದರೆ ಅದೇ ಫೋನು, ಅದೇ ಜಾಗ, ಅದೇ ಆರ್‌ಪಿಎಂ, ಅಷ್ಟೇ ಕಾದ ಎಂಜಿನ್ ಇರಬೇಕು. ನಿಂತ ಕಾರಿನ ಪರೀಕ್ಷೆಗೆ ಐಎಸ್‌ಒ 5130 ಪದ್ಧತಿಯಲ್ಲಿ ಮೈಕನ್ನು ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಾಗಿ ಇಡುತ್ತಾರೆ. ಅಂಥ ಅಂಕಿಯನ್ನು ತಿಂಗಳಿಂದ ತಿಂಗಳಿಗೆ ಹೋಲಿಸಬಹುದು, ಕಾನೂನಿನ ಅಂಕಿಗೆ ಹೋಲಿಸುವ ಹಾಗಿಲ್ಲ. ಭಾರತದಲ್ಲಿ ಹೊಸ ಕಾರು ಮಾದರಿಗೆ 2005ರಿಂದ ಇರುವ 74 ಡೆಸಿಬೆಲ್ ಮಿತಿ ಓಡುವ ಕಾರನ್ನು ಏಳೂವರೆ ಮೀಟರ್ ದೂರದಿಂದ ಅಳೆದದ್ದು. ದೂರ ಹದಿನೈದು ಪಟ್ಟಾದರೆ ಬಯಲಲ್ಲಿ 23 ಡೆಸಿಬೆಲ್‌ಗೂ ಹೆಚ್ಚು ಇಳಿಯುತ್ತದೆ.

ಸೈಲೆನ್ಸರ್ ಹಳೆಯದಾಗುತ್ತದೆ ಎಂಬುದನ್ನು ಕಾನೂನೇ ಲೆಕ್ಕಕ್ಕೆ ತೆಗೆದುಕೊಂಡದ್ದು ಯುರೋಪಿನಲ್ಲಿ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ವಾಹನದ ಸದ್ದಿಗೆ ಮಾಡಿದ 51ನೆಯ ನಿಯಮ, ಬದಲಿ ಸೈಲೆನ್ಸರುಗಳಿಗೆ ಮಾಡಿದ 59ನೆಯ ನಿಯಮ ನೂಲು ತುಂಬಿದ ಪೆಟ್ಟಿಗೆಯನ್ನು ಹೊಸದಾಗಿ ಅಳೆದು ಪಾಸು ಮಾಡಲು ಒಪ್ಪುವುದಿಲ್ಲ. ಒಂದೋ ನೂಲನ್ನು ಪೂರ್ತಿ ತೆಗೆದು ಅಳೆದರೂ ಮಿತಿಯೊಳಗೆ ಬರಬೇಕು. ಇಲ್ಲವೇ 10,000 ಕಿಲೋಮೀಟರ್ ಓಡಿಸಿ ಆಮೇಲೆ ಅಳೆಯಬೇಕು, ಅದರಲ್ಲೂ ಅರ್ಧ ಪೇಟೆಯಲ್ಲಿ, ಅರ್ಧ ಹೆದ್ದಾರಿಯಲ್ಲಿ, ನಡುನಡುವೆ ಪೈಪು ತಣ್ಣಗಾಗಿ ನೀರು ಕಟ್ಟಲೆಂದು ಕನಿಷ್ಠ ಹತ್ತು ಸಲ ಮೂರು ಮೂರು ಗಂಟೆ ನಿಲ್ಲಿಸಿ. ಒತ್ತಡವನ್ನು ಏರಿಳಿಸಿ 2,500 ಆವರ್ತ ಗುದ್ದಿಸುವ ಪರೀಕ್ಷೆಯೂ ಇದೆ. ನೂಲಿನಲ್ಲಿ ಆಸ್ಬೆಸ್ಟಾಸ್ ಇರಬಾರದು, ಅದನ್ನು ಒಲೆಯಲ್ಲಿ 650 ಡಿಗ್ರಿಗೆ ಕಾಯಿಸಿದರೂ ಎಳೆ ಕುಗ್ಗಬಾರದು. ಹೊಸ ಪೆಟ್ಟಿಗೆಯ ಸದ್ದನ್ನು ನಂಬಬಾರದು ಎಂದು ನಿಯಮ ಬರೆದವರಿಗೆ ಹೀಗೆ ತಿಳಿದಿದೆ, ಕೌಂಟರಿನಲ್ಲಿ ಹಣ ಎಣಿಸುವ ಗಿರಾಕಿಗೆ ತಿಳಿದಿಲ್ಲ.

ನಮ್ಮಲ್ಲಿ ಪ್ರಶ್ನೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಶಬ್ದದ ಮಿತಿ ಮೀರಿದರೆ 190ನೆಯ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ ಹಾಕಬಹುದು. ಬೀದಿಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಶಾರ್ಟ್ ಬಾಟಲ್, ಪಂಜಾಬಿ ಸೈಲೆನ್ಸರ್ ಹಾಕಿಸಿದ ಬುಲೆಟ್ ಹುಡುಗರು, ಕಾರಿನವರು ತಪ್ಪಿಸಿಕೊಳ್ಳುತ್ತಾರೆ. ಹಾಕಿಸಿದ ದಿನ ಸಂಭಾವಿತನಂತಿದ್ದ ಸೈಲೆನ್ಸರು ನೂಲು ಉದುರಿದ ಮೇಲೆ ಪೊಲೀಸರ ಕಿವಿಗೆ ತಾನಾಗಿ ಬೀಳುತ್ತದೆ ಎಂಬುದನ್ನು ಮಾತ್ರ ಇಬ್ಬರೂ ನೆನಪಿಡಬೇಕು.

ಹಾಕಿಸಿಯಾಗಿದೆ, ಈಗೇನು ಎನ್ನುವವರಿಗೆ ಒಂದು ಸುಲಭದ ಪರೀಕ್ಷೆ. ತಣ್ಣಗಿರುವಾಗ ಪೆಟ್ಟಿಗೆಯ ಮೈಮೇಲೆ ಅಲ್ಲಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ನೂಲು ತುಂಬಿದ್ದ ಕಡೆ ದಬ್ ಎಂದು ಸತ್ತ ಸದ್ದು, ಖಾಲಿಯಾದ ಕಡೆ ಠಣ್. ಒಳಬಾಯಿಯ ಕಡೆ ಮೊದಲು ಠಣ್ ಎನ್ನುತ್ತದೆ. ರಿವೆಟ್ ಅಥವಾ ಬೋಲ್ಟಿನ ಮುಚ್ಚಳವಿದ್ದರೆ ಬಿಚ್ಚಿ ಹೊಸ ನೂಲು ತುಂಬಬಹುದು. ರೇಸ್ ಬೈಕಿನವರಿಗೆ ಇದು ವಾಡಿಕೆಯ ಕೆಲಸ. ಕಾರಿನವು ಬಹುತೇಕ ಬೆಸೆದವು, ಕತ್ತರಿಸಿ ತುಂಬಿ ಮತ್ತೆ ಬೆಸೆಯಬೇಕು. ಕಡಿಮೆ ತುಂಬಿದರೆ ಬೇಗ ಉದುರುತ್ತದೆ, ಗಿಡಿದು ತುಂಬಿದರೆ ಸಂದಿಲ್ಲದೆ ಸದ್ದು ಒಳಗೆ ಹೋಗುವುದಿಲ್ಲ. ತೂತು ಪೈಪಿಗೆ ಮೊದಲು ಸ್ಟೀಲ್ ವೂಲ್ ಸುತ್ತಲು ಎದುರಿಗೇ ನಿಂತು ಹೇಳಿ ಮಾಡಿಸಬೇಕು. ಎಸಿ ಡಕ್ಟಿಗೆ ಸುತ್ತುವ ಗ್ಲಾಸ್ ವೂಲ್ ತಂದು ತುರುಕುವವರೂ ಇದ್ದಾರೆ. ಅದನ್ನು ಹಿಡಿದಿಟ್ಟಿರುವ ಅಂಟು ಈ ಬಿಸಿಗೆ ಸುಟ್ಟುಹೋಗಿ, ಎಳೆ ಬಿಡಿಬಿಡಿಯಾಗಿ, ಕೂಲಿಯ ದುಡ್ಡು ಕೊಟ್ಟದ್ದು ಮರೆಯುವ ಮೊದಲೇ ಹಿಂದಿನ ಕಾರಿನವನ ವಿಂಡ್‌ಶೀಲ್ಡಿಗೆ ಹಾರಿರುತ್ತದೆ.